ಬಾಳಿಕೆ

ಎರಡು ಜೊತೆ ತಂದಿಟ್ಟ ಯೆರ್ಕೋ, ಗಾಜಿನ ಮೇಜಿನ ಮೇಲೆ.
ಒಂದು ದಪ್ಪ ತೊಗಲಿನದು, ಎರಡೆರಡು ಸಾಲು ಹೊಲಿಗೆ,
ಲಾಡಿಗೆ ಹಿತ್ತಾಳೆಯ ಕಣ್ಣು. ಎತ್ತಿದರೆ
ದಿನ ತುಂಬದೆ ಹುಟ್ಟಿದ ಕುರಿಮರಿಯಷ್ಟು ಭಾರ.
ಇನ್ನೊಂದು ಮೆತ್ತಗೆ. ಒತ್ತಿದ ಬೆರಳಿನ ಗುಳಿ
ನಿಧಾನಕ್ಕೆ ತುಂಬಿಕೊಳ್ಳುತ್ತದೆ, ನಾದಿಟ್ಟ ಹಿಟ್ಟಿನ ಹಾಗೆ.
"ಇದು ಎರಡು ಚಳಿಗಾಲ," ಅಂದ. "ಅದಕ್ಕೆ ಮೂರರಷ್ಟು ಬೆಲೆ,
ಆದರೆ ಇಪ್ಪತ್ತು ವರ್ಷ ಬಾಳಿಕೆ ಬರುತ್ತದೆ, ಎದೆಲ್ಮೀರಾ."

ಇಪ್ಪತ್ತು. ಬೆರಳು ಮಡಚದೆಯೇ ಲೆಕ್ಕ ಹಾಕಿದೆ.
ಅರವತ್ತಮೂರಕ್ಕೆ ಇಪ್ಪತ್ತು ಕೂಡಿಸಿದರೆ
ಬೂಟೇನೋ ನಡೆಯುತ್ತಿರುತ್ತದೆ. ಒಳಗೆ ಯಾರೋ?

ಮೂವತ್ತೊಂದರಲ್ಲಿ ಕೊಂಡಿದ್ದೆ ಇಂಥದೇ,
ಇವನ ಅಪ್ಪ ಮಾರಿದ್ದು. ಆರು ತಿಂಗಳು ಕಚ್ಚಿತು.
ನಾಯಿಯೂ ಅಷ್ಟು ದಿನ ಕಚ್ಚುವುದಿಲ್ಲ, ಗುರುತು ಹಿಡಿಯುತ್ತದೆ.
ಹಿಮ್ಮಡಿಯ ಗುಳ್ಳೆ ಒಡೆದು, ಒಣಗಿ, ಮತ್ತೆ ಒಡೆದು;
ಕುರಿಯ ಕೊಬ್ಬು ಸವರಿದೆ, ಬೂಟು ಸಮೇತ ತೊರೆಗಿಳಿದು ನಿಂತೆ,
ನೆಂದದ್ದನ್ನು ಕಾಲಲ್ಲೇ ಒಣಗಿಸಿದೆ, ಬೇಲಿಯುದ್ದಕ್ಕೂ ನಡೆದು ನಡೆದು.
ಹದಿಮೂರು ಕಿಲೋಮೀಟರ್ ತಂತಿ, ಗಾಳಿ ಕಿತ್ತ ಗೂಟಗಳು.
ಕುದುರೆ ಪಳಗಿಸಿದವಳು ನಾನು; ಆ ಬೂಟು
ನನ್ನನ್ನು ಪಳಗಿಸಿತು. ಆಮೇಲೆ ಮಾತ್ರ,
ಆಮೇಲೆ ನನಗೆ ಕಾಲಿದೆ ಅನ್ನುವುದೇ ಮರೆತುಹೋಯಿತು,
ಮೂವತ್ತು ವರ್ಷ.

"ಇದೂ ಹಾಗೇ ಆಗುತ್ತದೆ," ಅಂದ.
ಆಗುತ್ತದೆ, ಹೌದು.
"ಅಟ್ಟೆ ಸವೆದರೆ ಹೊಸ ಅಟ್ಟೆ ಹಾಕಿಸಬಹುದು."
ಯಾರ ಹತ್ತಿರ? ಎಲಿಯೋದೋರೋ ಸತ್ತು ನಾಲ್ಕು ವರ್ಷ,
ಅವನ ಅಂಗಡಿಯಲ್ಲೀಗ ಮೊಬೈಲಿಗೆ ಗಾಜು ಕೂರಿಸುತ್ತಾರೆ.
ಹಡಗು ಹತ್ತಿ ಜಲಸಂಧಿ ದಾಟಿ, ಪುಂತಾ ಅರೇನಾಸಿಗೆ
ಹೋಗಿ ಬರಬೇಕು ಜೋಡು, ಹದಿನೈದು ದಿನ.
ಅಷ್ಟು ದಿನ ಬೇಲಿಗೆ ನಾನು ಬರಿಗಾಲಲ್ಲಿ ಹೋಗಲೇ?
ಬಾಳಿಕೆ ತೊಗಲಿನಲ್ಲಿದ್ದರೆ ಸಾಲದು, ಯೆರ್ಕೋ,
ಊರಿನಲ್ಲೂ ಇರಬೇಕು.
ಅವನು ಕನ್ನಡಕ ಒರೆಸಿಕೊಂಡ.

ಒಂದೊಂದು ಕಾಲಿಗೆ ಒಂದೊಂದು ಹಾಕಿಕೊಂಡು ಹೊರಟೆ
ದಕ್ಕೆಯವರೆಗೆ. ಬಲಕ್ಕೆ ಗಟ್ಟಿಯದು.
ಎಡಕ್ಕೆ ಮೆತ್ತನೆಯದು; ಆ ಕಾಲಿನ ಮೇಲೆ ಒಮ್ಮೆ ಕುದುರೆ ಬಿದ್ದಿತ್ತು.
ಟಕ್, ಹುಸ್, ಟಕ್, ಹುಸ್. ಎರಡು ವಯಸ್ಸಿನ ಹೆಂಗಸರು
ಒಂದೇ ಕೋಟಿನೊಳಗೆ ನಡೆದ ಹಾಗೆ.
ಶಾಲೆ ಬಿಟ್ಟ ಹುಡುಗರು ನಕ್ಕರು. ನಕ್ಕರೆ ನಗಲಿ.
ಉಪ್ಪುನೀರಿನಲ್ಲಿ ರಾಜಹಂಸಗಳು ನಿಂತಿದ್ದವು
ಒಂದು ಕಾಲು ಮಡಚಿ, ಖರ್ಚು ಅರ್ಧಕ್ಕಿಳಿಸಿದವರಂತೆ.
ಬಲಗಾಲು ಕಲ್ಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.
ಎಡಗಾಲು ಪ್ರತಿಯೊಂದನ್ನೂ ಮುಟ್ಟಿ ಮಾತಾಡಿಸಿತು,
ಆದರೆ ಬೈಯಲಿಲ್ಲ. ಎಷ್ಟೋ ವರ್ಷಗಳ ಮೇಲೆ
ಸುಮ್ಮನಿತ್ತು ಆ ಮುರಿದ ಹೆಬ್ಬೆರಳು.

ವಾಪಸು ಬಂದು ಮೆತ್ತನೆಯದಕ್ಕೆ ದುಡ್ಡೆಣಿಸಿದೆ.
"ಎರಡೇ ವರ್ಷ," ಎಚ್ಚರಿಸಿದ. "ಮತ್ತೆ ಬರಬೇಕಾಗುತ್ತದೆ."
ಬರುತ್ತೇನೆ. ಅದಕ್ಕೇ.
ಗಟ್ಟಿಯದನ್ನು ಕೊಂಡಿದ್ದರೆ ಈ ಬಾಗಿಲಿನ ಗಂಟೆ
ನನ್ನ ಬೂಟಿಗಾಗಿ ಬಾರಿಸುವುದು ಇವತ್ತೇ ಕೊನೆ.
ಅರವತ್ತೈದಕ್ಕೊಮ್ಮೆ ಬರುತ್ತೇನೆ, ಅರವತ್ತೇಳಕ್ಕೊಮ್ಮೆ.
ನೀನು ಅಂಗಡಿ ತೆರೆದಿರಬೇಕು, ಅಷ್ಟೆ.

ಹಳೆಯ ಜೋಡನ್ನು ಎಸೆದುಬಿಡಲೇ ಅಂತ ಕೇಳಿದ.
ಬೇಡ ಅಂದೆ. ಹೊಸದರ ಪೆಟ್ಟಿಗೆಯಲ್ಲೇ ಇಟ್ಟೆ.
ಎಷ್ಟು ಒತ್ತಿದರೂ ಮುಚ್ಚಳ ಕೂರಲೊಲ್ಲದು.
ಕೊನೆಗೆ ಒಂದು ದಾರ ಬೇಡಿ ತೆಗೆದುಕೊಂಡು
ಎರಡು ಸುತ್ತು ಸುತ್ತಿ ಕಟ್ಟಿದೆ.