ಕಣ್ಣಿಗೆ ಕಟ್ಟುವ ಕೆಲಸ

ನಮ್ಮೂರು ವುಚ್. ಅಂದರೆ ದೋಣಿ.
ದೋಣಿಗೆ ಹೊಳೆಯೆಲ್ಲಿ ಎಂದು ಕೇಳಬೇಡಿ.
ಗಿರಣಿಗಳ ಕಾಲದಲ್ಲೇ ಅದನ್ನು ಕೊಳವೆಗೆ ತುರುಕಿ
ಮೇಲೆ ರಸ್ತೆ ಹಾಸಿದ್ದಾರೆ.
ಟ್ರಾಮು ಹೋಗುತ್ತದೆ ಅದರ ನೆತ್ತಿಯ ಮೇಲೆ.

ನನ್ನದು ಇಲ್ಲಿ ಕಣ್ಣಿಗೆ ಕಟ್ಟುವ ಕೆಲಸ.
ಕಣ್ಣಿಲ್ಲದವರು ಸಿನಿಮಾಕ್ಕೆ ಬಂದ ದಿನ
ಮಾತಿಗೂ ಮಾತಿಗೂ ನಡುವೆ ಸಿಕ್ಕ ಸಂದಿಯಲ್ಲಿ
ತೆರೆಯ ಮೇಲಿನದನ್ನೆಲ್ಲ ಮೈಕಿಗೆ ಸುರಿಯುತ್ತೇನೆ:
ಹೆಂಗಸು ಎದ್ದಳು. ಕಿಟಕಿ. ಹೊರಗೆ ಹಿಮ.
ಅವನ ಬೆರಳಲ್ಲಿ ಉಂಗುರವಿಲ್ಲ.
ಹನ್ನೊಂದು ವರ್ಷವಾಯಿತು.

ಮನೆಗೆ ಹೋದರೆ ಟೀವಿ, ಟೀವಿ ಆರಿಸಿದರೆ ಫೋನು,
ಬಸ್‌ಸ್ಟಾಪಿನ ಗಾಜು ಕೂಡ ಈಗ ಶಾಂಪೂ ಮಾರುತ್ತದೆ.
ಹೋದ ವಾರ ಕನಸಿನಲ್ಲಿ ಅಮ್ಮ ಬಂದಳು,
ಯಾವುದೋ ಧಾರಾವಾಹಿಯ ನಟಿಯ ಮುಖ ಹಾಕಿಕೊಂಡು.
ಅವಳದೇ ಮುಖ ಎಷ್ಟು ಹುಡುಕಿದರೂ
ಸಿಗಲಿಲ್ಲ.

ಮೂರನೇ ಸಾಲಿನ ಗೆನೊವೆಫಾ
ಆಟ ಮುಗಿದ ಮೇಲೆ ಕೋಲಿನಿಂದ ನನ್ನ ಬೂಟು ಹುಡುಕಿ ತಟ್ಟಿದರು.
'ಬೋಗ್ನಾ, ಆ ಕುದುರೆಗೆ ಬಿಳಿ ಬಳಿದವರು ಯಾರು?'
'ಅದು ಇದ್ದದ್ದೇ ಬಿಳಿ.'
'ಇರಲಿ. ನೀನು ಬಾಯಿ ತೆರೆಯುವ ಮೊದಲೇ
ನನ್ನದು ಓಡುತ್ತಿತ್ತು, ಗೊರಸಿನ ಸದ್ದಿಗೇ ಎದ್ದು ಬಂದದ್ದು,
ಹೊಟ್ಟೆಯಡಿ ಕೆಸರು, ಎಡಗಿವಿ ಚೂರು ಹರಿದಿತ್ತು.
ಬಿಳಿ ಎಂದೆ ನೀನು.
ಅಲ್ಲೇ ಬಿತ್ತು.'

ಕಣ್ಣಿಗೆ ಕಟ್ಟಿದ್ದೇನೋ ನಿಜ,
ಬಟ್ಟೆ ಕಟ್ಟಿದ ಹಾಗೆ.

'ಬಣ್ಣ ಹೇಳಲೇಬೇಕಂತೆ, ನಿಯಮ' ಎಂದೆ.
ನಕ್ಕರು. ಕೆಮ್ಮು ಬರುವಷ್ಟು ನಕ್ಕರು.
ಕಣ್ಣು ಹೋಗುವ ಮುಂಚೆ ಮೂವತ್ತೊಂದು ವರ್ಷ
ಗಿರಣಿಯ ಬಣ್ಣದ ಕಡಾಯಿಯ ಹಬೆ ಕುಡಿದವರು.
'ಕೆಂಪು ಅಂತೀಯಲ್ಲ, ಯಾವ ಕೆಂಪು?
ಉಪ್ಪು ಹೆಚ್ಚಾದದ್ದೋ, ಸೋಮವಾರದ್ದೋ,
ಮೇಸ್ತ್ರಿ ಬೈದ ದಿನ ಕೈತಪ್ಪಿ ಕದಡಿದ್ದೋ?
ಊರಾಚೆ ಕೊಳವೆ ಬಾಯಿಬಿಡುವ ಕಡೆ
ಹೊಳೆಯೇ ಹೇಳುತ್ತಿತ್ತು, ಇವತ್ತು ಯಾವ ಪಾಳಿ ಎಂದು.
ಬಾ, ಆಲೂಗಡ್ಡೆ ಬೇಯಿಸಿದ್ದೇನೆ.'

ಅಡುಗೆಮನೆಯ ಬಲ್ಬು ಯಾವ ಕಾಲಕ್ಕೋ ಸುಟ್ಟಿತ್ತು.
ಅವರಿಗದು ಗೊತ್ತಿತ್ತೋ ಇಲ್ಲವೋ.
ಕಿಟಕಿಕಟ್ಟೆಯ ಮೇಲೆ ಬೋಗುಣಿ, ಮೇಲೊಂದು ತಟ್ಟೆ.
ಕೈ ಸುಮ್ಮನಿರದೆ ಎತ್ತಿ ಇಣುಕಿದೆ; ಪಿಂಗಾಣಿ ಕಿಣ್ಣೆಂದಿತು.
'ಮುಚ್ಚು! ಹೆಪ್ಪು ಹಾಕಿದ್ದೇನೆ.
ಗಳಿಗೆಗೊಮ್ಮೆ ತೆರೆದು ನೋಡಿದರೆ
ಹಾಲು ಹಾಲಾಗಿಯೇ ಉಳಿಯುತ್ತದೆ.'

ಕತ್ತಲಲ್ಲಿ ತಿಂದೆವು. ನಿನ್ನೆಯ ಮೊಸರು, ಸಬ್ಬಸಿಗೆ ಸೊಪ್ಪು,
ನಾಲಗೆ ಸುಡುವ ಆಲೂಗಡ್ಡೆ.
ಚೀಲದೊಳಗೆ ಫೋನು ಎರಡು ಸಲ ಗುಂಯ್‌ಗುಟ್ಟಿತು,
ಸಿಕ್ಕಿಬಿದ್ದ ಜೀರುಂಡೆಯ ಹಾಗೆ.
ಕೈ ಹೋಯಿತು.
ಹೋದ ಕೈಗೆ ಅವರು ಉಪ್ಪಿನ ಡಬ್ಬಿ ಕೊಟ್ಟರು.

'ಕೇಳು, ಕೆಳಗೆ ಹರೀತಾ ಇದೆ.'
ಕೇಳಿದೆ. 'ಅದು ಫ್ರಿಜ್ಜು' ಎಂದೆ.
'ಹೌದೇನೋ. ಸರಿ, ಫ್ರಿಜ್ಜಿನಿಂದಲೇ ಶುರು ಮಾಡು.'

ಬಹಳ ಹೊತ್ತು ಏನೂ ಇಲ್ಲ.
ಬೇಸರ. ಮೂಗಿನ ತುದಿ ನವೆ.
ಆಮೇಲೆ ಶಾಂಪೂ ಒಂದು ಬಂತು, ಹೋಯಿತು,
ನಟಿ ಬಂದಳು, ಯಾರೂ ಮಾತಾಡಿಸದೆ ಹೋದಳು.
ಆಮೇಲೆ ಒಂದು ಕೈ.
ಮೊಣಕೈವರೆಗೂ ಹಿಟ್ಟು, ಹೆಬ್ಬೆರಳಿಗೆ ಸುಟ್ಟ ಕಲೆ.
ಅಮ್ಮನ ಆ ಕಲೆ ನನಗೆ ಮರೆತೇಹೋಗಿತ್ತು.
ಭುಜದಿಂದ ಮೇಲಕ್ಕೆ ಕತ್ತಲೆ.
ನಾನು ಎಳೆಯಲಿಲ್ಲ.
ತಟ್ಟೆ ಮುಚ್ಚಿ ಬಂದೆ.

ಗುರುವಾರ ಮತ್ತದೇ ಸಿನಿಮಾ.
ಕುದುರೆ ಬರುವ ಹೊತ್ತಿಗೆ ಮೈಕಿನ ಗುಂಡಿ ಆರಿಸಿದೆ.
ಒಂಬತ್ತು ಸೆಕೆಂಡು.
ಮ್ಯಾನೇಜರು ಗಾಜಿನಾಚೆ ಕೈ ಬೀಸುತ್ತಿದ್ದ.
ಸಭಾಂಗಣದ ತುಂಬ ಗೊರಸು, ಬರಿಯ ಗೊರಸು.
ಮೂರನೇ ಸಾಲಿನಲ್ಲಿ ಗೆನೊವೆಫಾ
ಕೋಲನ್ನೂ ಕಾಲನ್ನೂ ಮೆಲ್ಲಗೆ ಒಳಗೆಳೆದುಕೊಂಡರು,
ದಾರಿ ಬಿಡುತ್ತ.