ಸೀಸೆಯೊಳಗಿನ ಸೀಸ

'ಬಿಸಿಲಿಗೆ ನರೆತ ಕೂದಲಲ್ಲ ಇದು' ಅನ್ನುತ್ತಿದ್ದ ಅಜ್ಜ ಫೆರ್ಮಿನ್.
ನಿಜವೇ. ಮೂವತ್ತೊಂದು ವರ್ಷ
ಲಿನಾರೆಸ್ಸಿನ ನೆಲದಡಿ, ಸೀಸದ ಗಣಿಯಲ್ಲಿ,
ಬಿಸಿಲೇ ಕಾಣದೆ ನರೆತದ್ದು.

ಗಣಿ ಮುಚ್ಚಿದ ವರ್ಷ ಒಂದು ಕನ್ನಡಿ ಕೊಂಡ.
ಅದರ ಬೆನ್ನಿಗೇ ಒಂದು ಸೀಸೆ.
ನೀರಿನಷ್ಟು ತಿಳಿ, ಕೊಳೆತ ಮೊಟ್ಟೆಯ ನಾತ.
ದಿನವೂ ಬಾಚಿ, ಯಾರಿಗೂ ಗೊತ್ತಾಗದಂತೆ
ಹಳೆಯ ಬಣ್ಣ ಮರಳುತ್ತದೆ –
ಹಾಗಂತ ಸೀಸೆಯ ಮೇಲೆ ಕೋಟು ತೊಟ್ಟವನೊಬ್ಬ ನಗುತ್ತಿದ್ದ,
ನಮ್ಮ ಬೀದಿಯಲ್ಲಿ ಯಾರೂ ನಗದ ಹಾಗೆ.

ಹಚ್ಚುವ ಕೆಲಸ ನನ್ನದು. ನನಗಾಗ ಆರು.
ಸ್ಟೂಲು ಹತ್ತಿ, ಅಂಗೈಗೆ ಸುರಿದುಕೊಂಡು,
ಬೆರಳಲ್ಲೇ ಬೈತಲೆ ತೆಗೆದು,
ಮೀಸೆಗೂ ಎರಡು ಹನಿ – ಮದುಮಗನಿಗೆ!
ಕೂಲಿ ಒಂದು ತುಂಡು ಬ್ರೆಡ್ಡು,
ಆಲಿವ್ ಎಣ್ಣೆ ಸುರಿದು ಸಕ್ಕರೆ ಉದುರಿಸಿದ್ದು.
ಕೈ ತೊಳೆದೆನೋ, ನೆನಪಿಲ್ಲ.
ಬೆರಳು ನೆಕ್ಕಿದ್ದು ನೆನಪಿದೆ.

ಹದಿನೈದು ದಿನಕ್ಕೆ ಬೂದಿ, ತಿಂಗಳಿಗೆ ಕಂದು,
ಆಮೇಲೆ ಕಪ್ಪು.
ಅಜ್ಜಿ ಕಸಿಲ್ದಾ ಕಣ್ಣು ಕಿರಿದು ಮಾಡಿ
'ಇದು ನಿನ್ನ ಕಪ್ಪಲ್ಲ, ಎಲ್ಲೋ ನೋಡಿದ್ದೇನೆ' ಅಂದಳು.
ಎಲ್ಲಿ ಅಂತ ಅವಳಿಗೇ ಹೊಳೆಯಲಿಲ್ಲ,
ಮೂವತ್ತೊಂದು ವರ್ಷ
ಅವನ ಅಂಗಿಗಳಿಂದ ಅದನ್ನೇ ಒಗೆದವಳಿಗೆ.

ಗಣಿಯಿದ್ದಾಗ ಕಂಪನಿಯ ಡಾಕ್ಟರು
ರಕ್ತ ತೆಗೆದು ಸೀಸ ಅಳೆಯುತ್ತಿದ್ದರು,
ತುಟಿ ಎತ್ತಿ ವಸಡಿನ ನೀಲಿ ಗೆರೆ ಹುಡುಕುತ್ತಿದ್ದರು.
ಗಣಿ ಮುಚ್ಚಿತು. ಸೂಜಿಯೂ ನಿಂತಿತು.

ಹೊಟ್ಟೆ ಹಿಂಡಿದರೆ ಸೋಂಪಿನ ಕಷಾಯ.
ಮಣಿಕಟ್ಟು ಸೋತು ಡಾಮಿನೊ ಬಿಲ್ಲೆ ಜಾರಿದಾಗ
'ವಯಸ್ಸಾಯ್ತು ಕಣೋ' ಅಂದ ಗೆಳೆಯರು
ಅವನ ತಲೆ ನೋಡಿ ಸುಮ್ಮನಾದರು.
'ಏನನ್ನೂ ತಲೆಗೆ ಹಚ್ಚಿಕೊಳ್ಳಬೇಡಿ' ಅಂದರು ಹೊಸ ಡಾಕ್ಟರು,
ನಿದ್ದೆಮಾತ್ರೆ ಬರೆದುಕೊಟ್ಟರು.
ಆ ರಾತ್ರಿಯೂ ಹಚ್ಚಿದೆವು.

ಗಣಿಯ ಕಸದ ಗುಡ್ಡದ ಪಕ್ಕದ ಶಾಲೆ ನಮ್ಮದು.
ಎಲ್ಲ ಮಕ್ಕಳ ರಕ್ತ ತೆಗೆದರು. ನನ್ನ ಅಂಕಿ
ಉಳಿದವರದಕ್ಕಿಂತ ಮೂರು ಪಟ್ಟು.
ಅಂಗಳದ ಮಣ್ಣು ನೋಡಿದರು, ನಲ್ಲಿ ನೀರು ನೋಡಿದರು.
ಕೊನೆಗೆ ಕೈ ತೊಳೆಯಲು ಬಚ್ಚಲಿಗೆ ಹೋದ
ಆರೋಗ್ಯ ಇಲಾಖೆಯ ಒಬ್ದೂಲಿಯಾ
ಸೀಸೆ ಹಿಡಿದು ಹೊರಬಂದಳು.
ತಳದಲ್ಲಿ ಇರುವೆ ಮೊಟ್ಟೆಯಷ್ಟು ಅಕ್ಷರ:
ಸೀಸದ ಅಸಿಟೇಟ್. ಮೀಸೆಗೆ ಹಚ್ಚಬಾರದು.
ಕೈ ಚೆನ್ನಾಗಿ ತೊಳೆಯಬೇಕು.

ಕೂದಲಲ್ಲಿ ಗಂಧಕ ಇರುತ್ತದಂತೆ.
ಸೀಸ ಅದನ್ನು ಕೂಡಿದರೆ ಆಗುವ ಕಪ್ಪು
'ನೀವು ಕೆಳಗೆ ಒಡೆದು ತೆಗೆದದ್ದೇ, ಅದೇ ಅದಿರು' ಅಂದಳು.
ಅಜ್ಜ ನಕ್ಕ. 'ಹಾಗಾದರೆ ಕಂಪನಿ
ನನಗಿನ್ನೂ ಸಂಬಳ ಕೊಡಬೇಕು.'
ಆಮೇಲೆ ಕೇಳಿದ, 'ಹುಡುಗಿಗೆ ಎಷ್ಟಿದೆ?'
ಚೀಟಿಯನ್ನು ದೂರ ಹಿಡಿದು ಓದಿದ.
ಹತ್ತಿರ ಹಿಡಿದು ಓದಿದ.

ಆ ಸಂಜೆಯೇ ತಲೆ ಬೋಳಿಸಿಕೊಂಡ. ಮೀಸೆಯೂ ಹೋಯಿತು.
ಕೂದಲನ್ನು ಪೇಪರಿನಲ್ಲಿ ಸುತ್ತಿದ ಅಜ್ಜಿ
ಒಲೆಗೆ ಹಾಕಲಾರದೆ, ಹಿತ್ತಲಿಗೆ ಎಸೆಯಲಾರದೆ
ಮೀಟರ್ ಪೆಟ್ಟಿಗೆಯ ಮೇಲಿಟ್ಟಳು.
ಇಬ್ಬರೂ ಹೋದ ಮೇಲೂ ಅದು ಅಲ್ಲೇ ಇದೆ.

ನನಗೆ ಏಳರ ಮಗ್ಗಿ ಇವತ್ತಿಗೂ ಬಾರದು.
ಅದರಿಂದಲೋ, ನಾನು ಹುಟ್ಟಾ ದಡ್ಡಿಯೋ,
ಯಾರನ್ನು ಕೇಳಲಿ.