ಹೊಸ ಬಣ್ಣದ ಕೆಳಗೆ

ಬುಧವಾರ ಸಂಜೆ ತಳ್ಳಿಕೊಂಡೇ ತಂದರು ಆ ಫಿಯೆಟ್ಟನ್ನು.
ಹಿಂದೆ ನಾಲ್ಕು ಜನ; ಪಕ್ಕದಲ್ಲಿ ಕಿಟಕಿಯೊಳಗೆ ಕೈ ತೂರಿಸಿ
ಸ್ಟೀರಿಂಗ್ ಹಿಡಿದು ನಡೆದು ಬಂದ ಹಬ್ತೆಮಿಕಾಯೆಲ್,
ತೋಳಿಗೂ ಬಾಗಿಲಿಗೂ ನಡುವೆ ಒಂದು ಮಡಿಸಿದ ಕರವಸ್ತ್ರ.
ಬಣ್ಣ ಹೊಡೆಸಿ ಆರೇ ದಿನ.
ಕೆನೆ ಬಣ್ಣ. ಶನಿವಾರ ಮಗಳ ಮದುವೆ.

"ಬ್ಯಾಟರಿ ಹೊಸದು" ಅಂದ.
"ಹೊಸದಾಗಿತ್ತು" ಅಂದೆ.
ಕೀಲಿ ತಿರುಗಿಸಿದರೆ ಸ್ಟಾರ್ಟರು
ಒಮ್ಮೆ ಉಂ ಅಂದು ಮಗ್ಗುಲು ಬದಲಿಸಿತು.

ಬೆಳಿಗ್ಗೆ ಬೇರೆ ಬ್ಯಾಟರಿ ತಗುಲಿಸಿ ಎಂಜಿನ್ನು ಎಬ್ಬಿಸಿದೆ.
ಮೀಟರಿನ ಮುಳ್ಳು ಹನ್ನೆರಡರ ಮೇಲೆ ಕೂತಿತು.
"ಒತ್ತು" ಅಂದೆ ಹುಡುಗ ನಾಹೊಮ್‌ಗೆ. ಒತ್ತಿದ.
ಹದಿನಾಲ್ಕಕ್ಕೆ ಏರಬೇಕಾದ ಮುಳ್ಳು
ಹನ್ನೊಂದೂ ಮುಕ್ಕಾಲಿಗೆ ಜಾರಿತು.
ಡ್ಯಾಶಿನ ಕೆಂಪು ದೀಪ ಆರಲೇ ಇಲ್ಲ.

ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದು.
ಇಲ್ಲಿ ತಿನ್ನುವವರು ಹೆಡ್‌ಲೈಟು, ಕಾಯಿಲು, ವೈಪರು,
ಮೇಲೆ ಈತನ ಹಾರ್ನು, ಅದಕ್ಕಂತೂ ಹೊಟ್ಟೆಯೇ ತುಂಬದು.

ಎಲ್ಲರಿಗೂ ಡೈನಮೋ ಮೇಲೇ ಗುಮಾನಿ.
ಬೆಲ್ಟು ಒತ್ತಿದೆ: ಬೆರಳಗಲ ತಗ್ಗಿತು, ಸರಿ.
ಬ್ರಷ್ಷು ಸವೆದಿಲ್ಲ.
ಎರಡು ತಂತಿ ಬಿಚ್ಚಿ ತುದಿ ಕೂಡಿಸಿ ಮೀಟರು ಹಿಡಿದರೆ
ಮುಳ್ಳು ಇಪ್ಪತ್ತಕ್ಕೆ ಜಿಗಿದು ನಡುಗಿತು.
ಪಾಪ, ಅವನು ದುಡಿಯುತ್ತಲೇ ಇದ್ದಾನೆ;
ಸಂಬಳ ಮನೆ ಮುಟ್ಟುತ್ತಿಲ್ಲ.

ತಂತಿಯ ಜಾಡು ಹಿಡಿದು ಹೊರಟೆ.
ಕೆಂಪು ಹೋಗಿ ಕಂದು, ಕಂದು ಹೋಗಿ ಮಣ್ಣು.
ಒಂದು ಕಡೆ ಟೆಲಿಫೋನಿನ ತಂತಿ.
ಇನ್ನೊಂದು ಕಡೆ ನೂಲು ಸುತ್ತಿ, ಮೇಣ ಎರೆದು,
ಕೊನೆಗೆ ಎಡಕ್ಕೆ ಹಾಕಿದ ಗಂಟು.
ನನ್ನ ಗುರು ಬೆರಾಖಿಯ ಕೈ. ಟೇಪು ಸಿಗದ ಕಾಲದ್ದು.
ಅವನು ಸತ್ತು ಹದಿನೇಳು ವರ್ಷ, ಗಂಟು ಸಡಿಲಾಗಿಲ್ಲ.
ಉಗುರಲ್ಲಿ ಒಮ್ಮೆ ಮುಟ್ಟಿ ಮುಂದೆ ಹೋದೆ.

ಕೊನೆಗೆ ರೆಗ್ಯುಲೇಟರು: ಅಂಗೈಯಗಲದ ಕರಿ ಡಬ್ಬಿ,
ಮೂರು ಹಲ್ಲು: ಮೂವತ್ತು, ಐವತ್ತೊಂದು, ಅರವತ್ತೇಳು.
ಡೈನಮೋ ಕಸುವು ಹಿಡಿದೊಡನೆ
ಇದರೊಳಗೊಂದು ನಾಲಗೆ ಟಿಕ್ ಎಂದು ಕಚ್ಚಬೇಕು.
ಆದರೆ ಮೆದೆಬರಿನ ಈ ಸಂತೆಯಲ್ಲಿ ಟಿಕ್ ಯಾರಿಗೆ ಕೇಳುತ್ತದೆ?
ಎಡಕ್ಕೆ ಡ್ರಮ್ಮು ಬಡಿದು ಒಲೆ ಮಾಡುವವರು,
ಬಲಕ್ಕೆ ಹಳೇ ಟಯರು ಕೊಯ್ದು ಚಪ್ಪಲಿ ಹೊಡೆಯುವವರು.
ಅವರು ಊಟಕ್ಕೆ ಏಳಲಿ ಅಂತ ಕಾದೆ.

ಸುತ್ತಿಗೆಗಳು ನಿಂತವು.
"ಒತ್ತು" ಅಂದೆ. ಕಿವಿ ಡಬ್ಬಿಗೆ ಹಚ್ಚಿದೆ.
ಏನೂ ಇಲ್ಲ.
ತಲೆ ಎತ್ತುವಾಗ ಕಣ್ಣಿಗೆ ಬಿದ್ದದ್ದು:
ಡಬ್ಬಿಯ ಕಾಲಡಿ, ಗೋಡೆಯ ತಗಡಿನ ಮೇಲೆ,
ದಪ್ಪಗೆ, ನುಣ್ಣಗೆ, ಕೆನೆ ಬಣ್ಣ.
ಸ್ಕ್ರೂಗಳ ತಲೆಗೂ ಬಿಟ್ಟಿಲ್ಲ ಪುಣ್ಯಾತ್ಮ.

ಬ್ಯಾಟರಿಯ ಮೈನಸ್ಸಿನಿಂದ ತುಂಡು ತಂತಿ ಎಳೆದು
ಡಬ್ಬಿಯ ಮೈಗೆ ತಾಗಿಸಿದೆ.
ಟಿಕ್.
ಕೆಂಪು ದೀಪ ಆರಿತು. ತಂತಿ ತೆಗೆದೆ, ಹತ್ತಿತು.

"ಏನಾಗಿತ್ತು?" ಅಂದ ಹಬ್ತೆಮಿಕಾಯೆಲ್.
"ನೆಲ ಇರಲಿಲ್ಲ ಇದಕ್ಕೆ. ಹೋದ ಕರೆಂಟು ವಾಪಸು ಬರಲು ದಾರಿ ಬೇಕು,
ಬಣ್ಣದ ಮೇಲೆ ಅದು ನಡೆಯೋದಿಲ್ಲ. ಕೆರೆಯಬೇಕು."
"ಎಷ್ಟು?"
"ಎರಡು ನಾಣ್ಯದಷ್ಟು. ಬಾನೆಟ್ ಒಳಗೆ. ಯಾರಿಗೂ ಕಾಣೋದಿಲ್ಲ."
"ನನಗೆ ಗೊತ್ತಿರುತ್ತಲ್ಲ" ಅಂದು
ಟಯರು ಕೊಯ್ಯುವವರ ಕಡೆ ಮುಖ ತಿರುಗಿಸಿ ನಿಂತ.

ಕೆರೆದೆ. ಕೆನೆಯ ಕೆಳಗೆ ಹಸಿರು,
ಅವನು ಟ್ಯಾಕ್ಸಿ ಓಡಿಸಿದ ಕಾಲದ್ದಿರಬೇಕು;
ಹಸಿರಿನ ಕೆಳಗೆ ಕಪ್ಪು, ಯಾರದೋ ಗೊತ್ತಿಲ್ಲ;
ಕಪ್ಪಿನ ಕೆಳಗೆ ಬೂದಿ, ಕಾರ್ಖಾನೆಯದ್ದು;
ಆಮೇಲೆ ಬರೀ ಕಬ್ಬಿಣ, ತಣ್ಣಗೆ,
ಈಗಷ್ಟೇ ತೊಳೆದ ಚಮಚದ ಹಾಗೆ.
ಒಂದಿಷ್ಟು ಗ್ರೀಸು ಸವರಿ ಡಬ್ಬಿ ಕೂರಿಸಿದೆ.
ಮುಳ್ಳು ಹದಿನಾಲ್ಕು ದಾಟಿ ನಿಂತಿತು.
ಆ ಹೊತ್ತಿಗೆ ಸುತ್ತಿಗೆಗಳೂ ಮರಳಿ ಶುರುವಾಗಿದ್ದವು.

ಶನಿವಾರ ಮಧ್ಯಾಹ್ನ ದಿಬ್ಬಣ ನಮ್ಮ ಬೀದಿಗೇ ಬಂತು.
ಬಟ್ಟ ಬಯಲಿನ ಬಿಸಿಲಲ್ಲಿ
ಎರಡೂ ಹೆಡ್‌ಲೈಟು ಹಚ್ಚಿಕೊಂಡು,
ಹಾರ್ನಿನ ಮೇಲಿಂದ ಕೈಯೇ ತೆಗೆಯದೆ.
"ದಂಡ ಮಾಡ್ತಾನಲ್ಲ ಅಕ್ಕಾ" ಅಂದ ನಾಹೊಮ್.
ಮಾಡಲಿ ಬಿಡು, ಅಂದೆ.